ಟುಲೂಸ್‌ನಲ್ಲಿ ಅಮ್ಮನಿಗೆ ಯಾವ ಚರ್ಚ್, ಯಾವ ಕಟ್ಟಡ ತೋರಿಸಲಿ?

ಮಲ್ಲಿಗೆಹೂ
ಎಲ್ಲರಿಗೂ ನಮಸ್ಕಾರ. ಯಜಮಾನರ ವಿಮಾನದ ಕೆಲಸದ ಮೇಲೆ ಬೆಂಗಳೂರಿನಿಂದ ಫ್ರಾನ್ಸಿನ ಟುಲೂಸ್‌ಗೆ ಬಂದಿದ್ದೇವೆ. ಮುಂದಿನ ತಿಂಗಳು ನಮ್ಮಮ್ಮ ಬರುತ್ತಾರೆ. ತುಮಕೂರು ಕಡೆ ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತರಾದವರು. ಯಾವ ಕಟ್ಟಡದ ಮುಂದೆ ನಿಲ್ಲಿಸಿದರೂ "ಯಾರು ಕಟ್ಟಿಸಿದ್ದು? ಯಾಕೆ ಇಲ್ಲೇ?" ಅಂತ ಕೇಳುತ್ತಾರೆ. ಮಂಡಿನೋವು ಇದೆ, ಹಾಗಾಗಿ ಒಂದೇ ದಿನ ಹತ್ತು ಜಾಗ ಸುತ್ತಿಸೋಕೆ ಆಗಲ್ಲ.

ಇಲ್ಲಿ ಸಿಕ್ಕ ಕನ್ನಡದವರನ್ನು ಕೇಳಿದೆ. ಅರ್ಧ ಜನ "ಟುಲೂಸ್‌ನಲ್ಲಿ ಏನಿದೆ, ಪ್ಯಾರಿಸ್‌ಗೆ ಕರ್ಕೊಂಡು ಹೋಗಿ" ಅಂದರು. ಇನ್ನರ್ಧ ಜನ ವಿಮಾನದ ಮ್ಯೂಸಿಯಂ ಹೆಸರು ಹೇಳಿದರು. ಅಮ್ಮನಿಗೆ ಬೇಕಿರುವುದು ಹಳೇ ಊರು. ಯಾವ ಚರ್ಚ್ ಮೊದಲು, ಯಾವುದು ಆಮೇಲೆ? ಎತಿಯೆನ್ ಕಥೀಡ್ರಲ್ ಬಿಟ್ಟುಬಿಡಿ, ಚೆನ್ನಾಗಿಲ್ಲ ಅಂತ ಒಬ್ಬರು ಹೇಳಿದರು. ನಿಜಾನಾ?

ಗರೋನ್ ದಂಡೆ
ಸ್ವಾಗತ ಮೇಡಂ. ಈ ಊರಲ್ಲಿ ಬಹಳ ವರ್ಷದಿಂದ ಇದ್ದೇನೆ, ಬಂದವರನ್ನೆಲ್ಲ ಒಂದೇ ದಾರಿಯಲ್ಲಿ ಕರೆದೊಯ್ಯುತ್ತೇನೆ. ಮೆಟ್ರೋದಲ್ಲಿ ಕಾಪಿತೋಲ್ ನಿಲ್ದಾಣದಲ್ಲಿ ಇಳಿಯಿರಿ. ಮೈದಾನದ ಎದುರು ಉದ್ದಕ್ಕೆ ಇರುವುದು ಕಾಪಿತೋಲ್, ಊರಿನ ಪುರಸಭೆ. ಈಗಿನ ಮುಂಭಾಗ 1750ರಿಂದ 1760ರ ನಡುವೆ ಕಟ್ಟಿದ್ದು. ಎಂಟು ಅಮೃತಶಿಲೆಯ ಕಂಬಗಳನ್ನು ಅಮ್ಮನಿಗೆ ತೋರಿಸಿ. ಊರನ್ನು ಆಳುತ್ತಿದ್ದ ಎಂಟು ಜನ ಪ್ರತಿನಿಧಿಗಳ ಲೆಕ್ಕಕ್ಕೆ ಎಂಟು ಕಂಬ.

ಅಲ್ಲಿಂದ ಉತ್ತರಕ್ಕೆ ತೋರ್ ಬೀದಿ ಹಿಡಿಯಿರಿ. ಕಿರಿದಾದ ಬೀದಿ, ಸಮತಟ್ಟು, ಮಂಡಿಗೆ ತೊಂದರೆ ಇಲ್ಲ. ಸಂತ ಸೆರ್ನಾಂ ಈ ಊರಿನ ಮೊದಲ ಬಿಷಪ್. ರೋಮನ್ ದೇವರುಗಳಿಗೆ ಬಲಿ ಕೊಡಲು ಒಪ್ಪಲಿಲ್ಲ ಅಂತ 250ರ ಹೊತ್ತಿಗೆ ಅವರನ್ನು ಗೂಳಿಗೆ ಕಟ್ಟಿ ಎಳೆಸಿದರು ಅನ್ನುವುದು ಇಲ್ಲಿಯ ಕಥೆ. ದೇಹ ಬಿದ್ದ ಜಾಗದಲ್ಲಿ ತೋರ್ ಚರ್ಚ್ ಇದೆ. ಅದರ ಮುಂಗೋಡೆಯೇ ಗಂಟೆಗೋಪುರ, ಬೀದಿಯ ಸಾಲಿನಲ್ಲೇ ನಿಂತಿದೆ. ಮುಂದೆ ಹೋದರೆ ಬೀದಿ ಬಿಚ್ಚಿಕೊಂಡು ಸೇಂಟ್ ಸೆರ್ನಾಂ ಬೆಸಿಲಿಕಾ ಕಾಣುತ್ತದೆ. ಮೊದಲು ಒಳಗೆ ಹೋಗಬೇಡಿ. ಹಿಂಭಾಗಕ್ಕೆ ಸುತ್ತಿ ಬನ್ನಿ. ಪುಟ್ಟ ಪುಟ್ಟ ಅರೆವೃತ್ತದ ಕೋಣೆಗಳು ಒಂದರ ಮೇಲೊಂದು ಏರುತ್ತಾ ಗೋಪುರ ಮುಟ್ಟುವುದು ಅಲ್ಲಿಂದಲೇ ಚೆನ್ನಾಗಿ ಕಾಣುವುದು.

ಕಾಫಿಪುಡಿ
ಸೇಂಟ್ ಸೆರ್ನಾಂ ಯುರೋಪಿನ ಅತಿ ದೊಡ್ಡ ಚರ್ಚ್. ಅದೊಂದು ನೋಡಿದರೆ ಸಾಕು.

ಇಟ್ಟಿಗೆಗೂಡು
@ಕಾಫಿಪುಡಿ ಇಲ್ಲ ಸರ್. ಈಗ ಉಳಿದಿರುವ ರೊಮನೆಸ್ಕ್, ಅಂದರೆ ದುಂಡು ಕಮಾನಿನ ಹಳೇ ಶೈಲಿಯ ಚರ್ಚ್‌ಗಳಲ್ಲಿ ಅತಿ ದೊಡ್ಡವುಗಳ ಪೈಕಿ ಒಂದು. ಇದಕ್ಕಿಂತ ದೊಡ್ಡದು ಕ್ಲುನಿಯಲ್ಲಿತ್ತು, ಫ್ರೆಂಚ್ ಕ್ರಾಂತಿಯ ನಂತರ ಅದನ್ನು ಒಡೆದು ಕಲ್ಲು ಮಾರಿದರು. ಆಮೇಲೆ ಬಂದ ಚೂಪು ಕಮಾನಿನ ಗೋಥಿಕ್, ಅದಕ್ಕಿಂತ ಈಚಿನವು ಸೇರಿಸಿದರೆ ಇದಕ್ಕಿಂತ ದೊಡ್ಡ ಚರ್ಚ್‌ಗಳು ಬಹಳ ಇವೆ.

ಆದರೆ ಇದರ ವಿಶೇಷ ಅಳತೆಯಲ್ಲಿಲ್ಲ. ಇದು ಸ್ಪೇನಿನ ಸ್ಯಾಂಟಿಯಾಗೋಗೆ ನಡೆದುಹೋಗುವ ಯಾತ್ರಿಕರ ತಂಗುದಾಣವಾಗಿತ್ತು. ಸಾವಿರಾರು ಜನ ಒಟ್ಟಿಗೆ ಬಂದರೂ ಪೂಜೆಗೆ ಅಡ್ಡಿಯಾಗಬಾರದು ಅಂತ ಸುತ್ತಲೂ ಪ್ರದಕ್ಷಿಣೆ ಪಥ ಮಾಡಿದ್ದಾರೆ. ಸಂತರ ಅವಶೇಷಗಳನ್ನು ನೋಡುತ್ತಾ ಒಂದು ಕಡೆಯಿಂದ ಹೋಗಿ ಇನ್ನೊಂದು ಕಡೆಯಿಂದ ಬರಬಹುದು. ಪ್ರದಕ್ಷಿಣೆ ಅಂದರೆ ನಿಮ್ಮಮ್ಮನಿಗೆ ಬೇರೆ ವಿವರಣೆ ಬೇಕಾಗಲ್ಲ. 1096ರಲ್ಲಿ ಪೋಪ್ ಎರಡನೇ ಅರ್ಬನ್ ಬಂದು ಬಲಿಪೀಠ ಪ್ರತಿಷ್ಠೆ ಮಾಡಿದರು. ಅದರ ಹಿಂದಿನ ವರ್ಷವಷ್ಟೇ ಜೆರುಸಲೇಮಿಗಾಗಿ ನಡೆದ ಧರ್ಮಯುದ್ಧಕ್ಕೆ, ಅಂದರೆ ಮೊದಲ ಕ್ರುಸೇಡ್‌ಗೆ ಕರೆ ಕೊಟ್ಟಿದ್ದವರು ಇವರೇ. ಆ ಅಮೃತಶಿಲೆಯ ಬಲಿಪೀಠ ಇವತ್ತಿಗೂ ಒಳಗಿದೆ. 1998ರಿಂದ ಯಾತ್ರಾದಾರಿಯ ಭಾಗವಾಗಿ ಯುನೆಸ್ಕೋ ಪಟ್ಟಿಯಲ್ಲಿದೆ.

ಗೋಪುರ 65 ಮೀಟರ್. ಕೆಳಗಿನ ಮೂರು ಅಂತಸ್ತಿನಲ್ಲಿ ಕಮಾನು ದುಂಡಗಿದೆ, ಮೇಲಿನ ಎರಡರಲ್ಲಿ ತ್ರಿಕೋನ. ಮೇಲಿನವು 13ನೇ ಶತಮಾನದಲ್ಲಿ ಸೇರಿಸಿದ್ದು. ನೆಲದ ಮೇಲೆ ನಿಂತೇ ಕಾಲ ಗುರುತಿಸಬಹುದು, ಇತಿಹಾಸದ ಟೀಚರ್‌ಗೆ ಖುಷಿಯಾಗುತ್ತೆ.

ಪ್ಯಾರಿಸ್ ಪ್ರಿಯ
ಎಲ್ಲ ಸರಿ, ಆದರೆ ಅಷ್ಟು ದೂರದಿಂದ ಬರುವ ಅಮ್ಮನಿಗೆ ಪ್ಯಾರಿಸ್ ತೋರಿಸದೆ ಇಟ್ಟಿಗೆ ಚರ್ಚ್ ತೋರಿಸೋದು ಅನ್ಯಾಯ. ರೈಲಿನಲ್ಲಿ ನಾಲ್ಕೂವರೆ ಗಂಟೆ ಅಷ್ಟೇ. ಇನ್ನು ಸೇಂಟ್ ಎತಿಯೆನ್ ಕಥೀಡ್ರಲ್ ನಾನೇ ನೋಡಿದ್ದೇನೆ. ಬಾಗಿಲು ಒಂದು ಕಡೆ, ಗರ್ಭಗುಡಿ ಇನ್ನೊಂದು ಕಡೆ. ಮುಂಭಾಗ ಸೊಟ್ಟ. ಬಿಟ್ಟುಬಿಡಿ.

ಕಡಲತಡಿ
ಜಾಕೊಬಾಂ ಚರ್ಚ್ ಮೊದಲು ನೋಡಿ. ನನ್ನ ಓಟು ಅದಕ್ಕೆ.

ಇಟ್ಟಿಗೆಗೂಡು
@ಪ್ಯಾರಿಸ್ ಪ್ರಿಯ ಇದಕ್ಕೆ ಜಗಳ ಆಡಲೇಬೇಕು. ಎತಿಯೆನ್ ಸೊಟ್ಟ ಇರುವುದೇ ಅದನ್ನು ನೋಡಬೇಕಾದ ಕಾರಣ!

ಒಳಗೆ ಹೋದ ಕೂಡಲೇ ಇರುವ ಹಜಾರ 13ನೇ ಶತಮಾನದ ಶುರುವಿನದ್ದು. ಅಗಲ, ಕುಳ್ಳು, ಪಕ್ಕದಲ್ಲಿ ಕಂಬಸಾಲು ಇಲ್ಲ, ದಪ್ಪ ಗೋಡೆ. ಇದು ಇಲ್ಲಿಯ ದಕ್ಷಿಣದ ಶೈಲಿ. ಆಗ ಟುಲೂಸ್ ಫ್ರಾನ್ಸ್ ದೊರೆಯ ಕೈಯಲ್ಲಿರಲಿಲ್ಲ, ಇಲ್ಲಿಯ ಕೌಂಟ್‌ಗಳೇ ಆಳುತ್ತಿದ್ದರು. ಆಮೇಲೆ 1209ರಿಂದ 1229ರವರೆಗೆ ಕ್ಯಾಥೊಲಿಕ್ ಚರ್ಚ್ ಒಪ್ಪದ ಕ್ಯಾಥರ್ ಅನ್ನುವ ಕ್ರೈಸ್ತ ಪಂಥದವರ ವಿರುದ್ಧ ಕ್ರುಸೇಡ್ ನಡೆಯಿತು. ಉತ್ತರದ ಸೈನ್ಯ ಬಂತು, ಕೊನೆಗೆ ಈ ಸೀಮೆ ದೊರೆಯ ಕೈಗೆ ಹೋಯಿತು. 1272ರಲ್ಲಿ ಬಿಷಪ್ ಹೊಸ ಭಾಗ ಶುರು ಮಾಡಿದಾಗ ಅದು ಪೂರ್ತಿ ಉತ್ತರದ ಗೋಥಿಕ್. ಎತ್ತರ, ಕಿಟಕಿ ಜಾಸ್ತಿ, ಸುತ್ತ ಚಿಕ್ಕ ಚಾಪೆಲ್‌ಗಳು. ಹಳೇ ಹಜಾರವನ್ನು ಕೆಡವಿ ಪೂರ್ತಿ ಹೊಸದು ಕಟ್ಟಬೇಕು ಅನ್ನುವುದು ಯೋಜನೆ. ದುಡ್ಡು ಮುಗಿಯಿತು. ಎರಡೂ ಹಾಗೇ ಉಳಿದವು, ಒಂದರ ನಡುಗೆರೆ ಇನ್ನೊಂದಕ್ಕೆ ಸೇರಲೇ ಇಲ್ಲ.

ಆ ಎರಡು ಸೇರುವ ಜಾಗದಲ್ಲಿ ನಿಂತರೆ ಒಂದು ರಾಜ್ಯ ಇನ್ನೊಂದರ ಕೈಗೆ ಹೋದದ್ದು ಗೋಡೆಯಲ್ಲೇ ಕಾಣುತ್ತದೆ. ಇಂಥದ್ದನ್ನು ಪ್ಯಾರಿಸ್‌ನಲ್ಲಿ ತೋರಿಸಿ ನೋಡೋಣ.

ಪ್ಯಾರಿಸ್ ಪ್ರಿಯ
ಇತಿಹಾಸ ಇದೆ ಅಂದ ಮಾತ್ರಕ್ಕೆ ಚಂದ ಆಗಲ್ಲ ಗುರುಗಳೇ. ನೋಡೋಕೆ ಬಂದವರಿಗೆ ಕಣ್ಣಿಗೆ ಹಿತ ಬೇಕು.

ಗರೋನ್ ದಂಡೆ
ಇಟ್ಟಿಗೆಗೂಡು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಎರಡು ಭಾಗ ಸೇರುವ ಕಡೆ ಒಂದು ಭಾರಿ ದಪ್ಪ ಕಂಬ ಇದೆ, ಆರ್ಲಿಯನ್ ಕಂಬ ಅಂತಾರೆ. ಅದರ ಬುಡದಲ್ಲಿ ಪಿಯರ್ ಪಾಲ್ ರಿಕೆ ಸಮಾಧಿ. ಕನಾಲ್ ದ್ಯು ಮಿದಿ ಕಾಲುವೆ ಕಟ್ಟಿಸಿದವರು. 1666ರಲ್ಲಿ ಶುರುವಾದ ಕೆಲಸ 1681ರಲ್ಲಿ ಮುಗಿಯಿತು, 240 ಕಿಲೋಮೀಟರ್. ತಮ್ಮ ಆಸ್ತಿಯನ್ನೂ ಅದಕ್ಕೇ ಸುರಿದರು. ಆದರೆ 1680ರಲ್ಲೇ ತೀರಿಕೊಂಡರು, ಕೆಲಸ ಪೂರ್ತಿಯಾದದ್ದು ನೋಡಲಿಲ್ಲ. ಸಮಾಧಿ ನೋಡಿದ ಮೇಲೆ ಸಂಜೆ ಕಾಲುವೆ ದಂಡೆಗೆ ಕರ್ಕೊಂಡು ಹೋಗಿ. ಮರದ ನೆರಳು, ಬೆಂಚು ಎರಡೂ ಇದೆ.

ಮಲ್ಲಿಗೆಹೂ
ಇಷ್ಟೊಂದು ಬರೆದಿದ್ದೀರಿ, ತುಂಬಾ ಥ್ಯಾಂಕ್ಸ್. ಎತಿಯೆನ್ ಪಟ್ಟಿಗೆ ಸೇರಿತು. ಇನ್ನೊಂದು ಕೇಳಬೇಕಿತ್ತು. ಅಮ್ಮ ಚಪ್ಪಲಿ ಬಿಡಬೇಕಾ ಅಂತ ಈಗಲೇ ಫೋನಿನಲ್ಲಿ ಕೇಳುತ್ತಿದ್ದಾರೆ. ಪೂಜೆ ನಡೆಯುವಾಗ ಒಳಗೆ ಹೋಗಬಹುದಾ? ಯಾರಿಗೂ ಬೇಜಾರಾಗಬಾರದು.

ಕಡಲತಡಿ
ನಾನು ಮಂಗಳೂರಿನ ಕ್ಯಾಥೊಲಿಕ್, ಇಲ್ಲಿ ಓದುತ್ತಿದ್ದೇನೆ. ಅಕ್ಕಾ, ಚಪ್ಪಲಿ ಬಿಡೋದು ಬೇಡ. ನೆಲ ತಣ್ಣಗಿರುತ್ತೆ, ಅಮ್ಮನಿಗೆ ಸಾಕ್ಸ್ ಹಾಕಿಸಿ. ಗಂಡಸರು ಟೋಪಿ ತೆಗೆಯಬೇಕು. ಸೀರೆ ಆರಾಮಾಗಿ ಉಡಬಹುದು.

ಪೂಜೆ ಸಮಯದಲ್ಲಿ ಹೋಗಬಹುದು, ಆದರೆ ಹಿಂದಿನ ಸಾಲಿನಲ್ಲಿ ಕೂರಬೇಕು. ಓಡಾಡಬಾರದು, ಫೋಟೋ ತೆಗೆಯಬಾರದು. ಎಲ್ಲರೂ ಎದ್ದಾಗ ಏಳಿ, ಮಂಡಿ ನೋವಾದರೆ ಕೂತೇ ಇರಲಿ, ಯಾರೂ ಏನೂ ಅನ್ನಲ್ಲ. ಪ್ರಸಾದದ ಸಾಲಿಗೆ ಮಾತ್ರ ಹೋಗಬೇಡಿ. ನಮ್ಮೂರಿನಲ್ಲೂ ಬೇರೆಯವರು ಗೊತ್ತಿಲ್ಲದೆ ಸಾಲಿನಲ್ಲಿ ನಿಂತುಬಿಡುತ್ತಾರೆ. ಅದು ನಮಗೆ ಬಹಳ ಪವಿತ್ರವಾದ ವಿಷಯ. ಮೇಣದಬತ್ತಿ ಹಚ್ಚಬಹುದು, ಪೆಟ್ಟಿಗೆಗೆ ಕಾಣಿಕೆ ಹಾಕಿ ಹಚ್ಚಿ.

ಸಾಧ್ಯವಾದರೆ ಸೇಂಟ್ ಸೆರ್ನಾಂನಲ್ಲಿ ಆರ್ಗನ್ ನುಡಿಸುವ ಹೊತ್ತಿಗೆ ಹೋಗಿ. 1889ರ ವಾದ್ಯ, ಕವಾಯೆ ಕೋಲ್ ಅನ್ನುವ ಹೆಸರಾಂತ ತಯಾರಕರದ್ದು. ಆ ಇಟ್ಟಿಗೆ ಗೋಡೆಗಳ ನಡುವೆ ಅದರ ಕೆಳಗಿನ ಸ್ವರ ಬಂದಾಗ ಕೂತ ಬೆಂಚು ನಡುಗುತ್ತದೆ.

ಮತ್ತೆ ದೋರಾದ್ ಚರ್ಚ್ ಯಾರೂ ಹೇಳಲಿಲ್ಲ! ನದಿ ದಂಡೆಯಲ್ಲೇ ಇದೆ. ಅಲ್ಲಿ ಕಪ್ಪು ಮೇರಿ ಮಾತೆ ಇದ್ದಾಳೆ. ಹಬ್ಬಕ್ಕೆ, ಕಾಲಕ್ಕೆ ತಕ್ಕಂತೆ ಬೇರೆ ಬೇರೆ ಉಡುಪು ಉಡಿಸುತ್ತಾರೆ. ಬಸುರಿಯರು ಬಂದು ಬೇಡಿಕೊಳ್ಳುತ್ತಾರೆ. ಹಳೇ ಮೂರ್ತಿಯನ್ನು ಕ್ರಾಂತಿಯ ಕಾಲದಲ್ಲಿ ಸುಟ್ಟರು, ಈಗಿರುವುದು 19ನೇ ಶತಮಾನದ್ದು. ನಿಮ್ಮಮ್ಮನಿಗೆ ಇಷ್ಟವಾಗುತ್ತೆ ಅಂತ ನನಗೆ ಖಾತ್ರಿ.

ಕಾಫಿಪುಡಿ
ಮೇರಿಗೆ ಸೀರೆ ಉಡಿಸೋದು ನಮ್ಮ ಬೆಂಗಳೂರಿನ ಶಿವಾಜಿನಗರದ ಬೆಸಿಲಿಕಾದಲ್ಲೂ ಇದೆ. ಸೆಪ್ಟೆಂಬರ್ ಹಬ್ಬಕ್ಕೆ ಹೋಗಿ ನೋಡಿ, ಎಲ್ಲ ಧರ್ಮದವರೂ ಇರುತ್ತಾರೆ.

ಹಾಸನದ ಹೈದ
ಫ್ರಾನ್ಸ್ ಚರ್ಚ್ ಅಂದಾಗ ನಮ್ಮ ಶೆಟ್ಟಿಹಳ್ಳಿ ನೆನಪಾಯಿತು. ಹಾಸನದ ಹತ್ತಿರ ಹೇಮಾವತಿ ಹಿನ್ನೀರಿನಲ್ಲಿ ಮಳೆಗಾಲದಲ್ಲಿ ಅರ್ಧ ಮುಳುಗುವ ಚರ್ಚ್. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಗೊರೂರು ಅಣೆಕಟ್ಟು ಬಂದ ಮೇಲೆ ಊರು ಖಾಲಿಯಾಯಿತು. ಅಲ್ಲಿ ಜನ ಈಗ ಮದುವೆ ಫೋಟೋ ತೆಗೆಸೋಕೆ ಗೋಡೆ ಹತ್ತುತ್ತಾರೆ. ಫ್ರಾನ್ಸಿನವರು ಅಷ್ಟು ಜೋಪಾನ ಮಾಡುವಾಗ ನಾವು ನಮ್ಮದನ್ನು ಬೀಳೋಕೆ ಬಿಟ್ಟಿದ್ದೇವೆ ಅನ್ನೋದು ಹೊಟ್ಟೆ ಉರಿಯುವ ವಿಷಯ.

ಗರೋನ್ ದಂಡೆ
@ಹಾಸನದ ಹೈದ ನಿಮ್ಮ ಸಂಕಟ ಸರಿ. ಆದರೆ ಇಲ್ಲಿಯವರೂ ಎಲ್ಲವನ್ನೂ ಜೋಪಾನ ಮಾಡಲಿಲ್ಲ. ಜಾಕೊಬಾಂ ಮಠವನ್ನು ಕ್ರಾಂತಿಯ ನಂತರ ಸೈನ್ಯಕ್ಕೆ ಕೊಟ್ಟರು. ಅಷ್ಟು ದೊಡ್ಡ ಚರ್ಚ್ ಒಳಗೆ ಕುದುರೆ ಕಟ್ಟಿದರು, ಮಧ್ಯೆ ಮಹಡಿ ಹಾಕಿದರು. ಮತ್ತೆ ಹಳೇ ರೂಪಕ್ಕೆ ತರೋಕೆ 20ನೇ ಶತಮಾನದ ಬಹುಪಾಲು ಹಿಡಿಯಿತು. ದಲ್ಬಾದ್ ಚರ್ಚಿನ ಗಂಟೆಗೋಪುರವಂತೂ 1926ರಲ್ಲಿ ಕುಸಿದೇ ಬಿತ್ತು. ಮತ್ತೆ ಕಟ್ಟಲಿಲ್ಲ. ಬಾಗಿಲ ಮೇಲಿನ ಬಣ್ಣದ ಸೆರಾಮಿಕ್ ಚಿತ್ರ ಮಾತ್ರ ನೋಡುವಂಥದ್ದು.

ಕಡಲತಡಿ
ಹೌದು, ಜಾಕೊಬಾಂ ಬಗ್ಗೆ ನಾನೇ ಶುರು ಮಾಡಿ ಬರೆಯಲೇ ಇಲ್ಲ ಅಲ್ವಾ. ಹೊರಗಿಂದ ಕೋಟೆ ಗೋಡೆ. ಒಳಗೆ ಹೋದರೆ ನಡುವೆ ಒಂದೇ ಸಾಲು ಎತ್ತರದ ಕಂಬಗಳು, ಎರಡು ಹಜಾರ. ಒಂದು ಕಡೆ ಡೊಮಿನಿಕನ್ ಸನ್ಯಾಸಿಗಳು, ಇನ್ನೊಂದು ಕಡೆ ಪ್ರವಚನ ಕೇಳೋಕೆ ಬಂದ ಊರ ಜನ. ಕೊನೆಯ ಕಂಬದಿಂದ 22 ಏಣುಗಳು ಸುತ್ತ ಹರಡಿ ಚಾವಣಿ ಹೊತ್ತಿವೆ. ತಾಳೆಮರ ಅಂತಲೇ ಅದನ್ನು ಕರೆಯುತ್ತಾರೆ. 1292ರದ್ದು, ಚಾವಣಿ 28 ಮೀಟರ್ ಎತ್ತರ. ಕೆಳಗೆ ಕನ್ನಡಿ ಇಟ್ಟಿದ್ದಾರೆ, ಕತ್ತು ಎತ್ತಲಾರದವರು ಅದರಲ್ಲೇ ನೋಡಬಹುದು. ಬಿಸಿಲು ಇರುವ ದಿನ ಹೋದರೆ ಬಣ್ಣದ ಗಾಜಿನ ಬೆಳಕು ಕಂಬದ ಮೇಲೆಲ್ಲ ಬೀಳುತ್ತೆ. ಸಂತ ಥಾಮಸ್ ಅಕ್ವಿನಾಸರ ಅವಶೇಷ 1369ರಲ್ಲಿ ಇಲ್ಲಿಗೆ ಬಂತು. ಕ್ರಾಂತಿಯ ಕಾಲದಲ್ಲಿ ಸೇಂಟ್ ಸೆರ್ನಾಂಗೆ ಹೋಗಿ 1974ರಲ್ಲಿ ವಾಪಸ್ ಬಂದಿದೆ. ಚರ್ಚಿಗೆ ದುಡ್ಡಿಲ್ಲ, ಪಕ್ಕದ ಅಂಗಳ ನೋಡೋಕೆ ಟಿಕೆಟ್ ಇದೆ. ಟಿಕೆಟ್ ತಗೊಳ್ಳಿ, ಆ ಅಂಗಳದಲ್ಲಿ ಕೂರೋದೇ ಒಂದು ಸುಖ.

ಕಪ್ಪುಮಣ್ಣು
ಎಲ್ಲರೂ ಚಂದ ಚಂದ ಅಂತಿದ್ದೀರಿ. ಇದೇ ಡೊಮಿನಿಕನ್ ಸನ್ಯಾಸಿಗಳು ಈ ಸೀಮೆಯಲ್ಲಿ ಧರ್ಮವಿಚಾರಣೆ ನಡೆಸಿದವರು, ಕ್ಯಾಥರ್ ಪಂಥದವರನ್ನು ಸುಟ್ಟ ಕಾಲ ಅದು. ಅದನ್ನೂ ಅಮ್ಮನಿಗೆ ಹೇಳಿ. 1762ರಲ್ಲಿ ಜಾನ್ ಕಲಾಸ್ ಅನ್ನುವ ಪ್ರಾಟೆಸ್ಟೆಂಟ್ ಬಟ್ಟೆ ವ್ಯಾಪಾರಿಗೆ ಮಗನನ್ನು ಕೊಂದ ಅಂತ ಆರೋಪ ಹೊರಿಸಿ, ಇದೇ ಊರಲ್ಲಿ ಚಕ್ರಕ್ಕೆ ಕಟ್ಟಿ ಮೂಳೆ ಮುರಿದು ಕೊಂದರು. ಮಗ ಕ್ಯಾಥೊಲಿಕ್ ಆಗಲು ಹೊರಟಿದ್ದ ಅನ್ನುವ ಗುಮಾನಿಯೇ ಆಧಾರ. ಫ್ರೆಂಚ್ ಲೇಖಕ ವೋಲ್ಟೇರ್ ಆ ಮನೆಯವರ ಪರ ನಿಂತು ಹೋರಾಡಿದ ಮೇಲೆ 1765ರಲ್ಲಿ ಆತ ನಿರಪರಾಧಿ ಅಂತ ಘೋಷಣೆ ಆಯಿತು. ಫಿಲಾತಿಯೆ ಬೀದಿಯಲ್ಲಿ ಅವರ ಮನೆ ಇದೆ. ನನ್ನ ಪ್ರಕಾರ ಈ ಊರಿನ ಮುಖ್ಯ ಸ್ಮಾರಕ ಅದು, ಯಾವ ಗೋಪುರಕ್ಕೂ ಕಡಿಮೆ ಅಲ್ಲ.

ಕಡಲತಡಿ
ಹೇಳಬೇಕು, ಖಂಡಿತ ಹೇಳಬೇಕು. ನಾನು ನಂಬುವ ಧರ್ಮದ ಹೆಸರಿನಲ್ಲೇ ಅದು ನಡೆದದ್ದು, ಮುಚ್ಚಿಡೋಕೆ ಏನೂ ಇಲ್ಲ. ಆದರೆ ಚರ್ಚ್ ನೋಡುವ ಖುಷಿಗೂ ಅದಕ್ಕೂ ಜಗಳ ಹಚ್ಚಬೇಡಿ ಅಣ್ಣ. ಎರಡನ್ನೂ ಒಂದೇ ದಿನ ನೋಡಬಹುದು, ಹತ್ತಿರವೇ ಇದೆ.

ಇಟ್ಟಿಗೆಗೂಡು
ಕಪ್ಪುಮಣ್ಣು ಮಾತು ಸರಿ. ಅದಕ್ಕೇ ನಾನು ಆಲ್ಬಿ ನೋಡಲೇಬೇಕು ಅನ್ನೋದು. ಟುಲೂಸ್‌ನಿಂದ ರೈಲಿನಲ್ಲಿ ಸುಮಾರು ಒಂದು ಗಂಟೆ. ಅಲ್ಲಿಯ ಸೇಂಟ್ ಸಿಸಿಲಿ ಕಥೀಡ್ರಲ್ 1282ರಲ್ಲಿ ಶುರುವಾದದ್ದು, ಪೂರ್ತಿ ಇಟ್ಟಿಗೆ. ಕ್ರುಸೇಡ್ ಮುಗಿದ ಮೇಲೆ ಇಲ್ಲಿ ಯಾರ ಮಾತು ನಡೆಯಬೇಕು ಅಂತ ತೋರಿಸೋಕೇ ಕೋಟೆ ಥರ ಕಟ್ಟಿದರು. ಒಳಗೆ ಗೋಡೆ ತುಂಬ ಅಂತಿಮ ತೀರ್ಪಿನ ಚಿತ್ರ. ಅದರ ನಟ್ಟನಡುವೆ ಕ್ರಿಸ್ತನೇ ಇಲ್ಲ, 17ನೇ ಶತಮಾನದ ಕೊನೆಗೆ ಚಾಪೆಲ್‌ಗೆ ದಾರಿ ಮಾಡೋಕೆ ಅಲ್ಲೇ ಗೋಡೆ ಕೊರೆದರು.

ಮಲ್ಲಿಗೆಹೂ
ಇಷ್ಟೊಂದು ಇಟ್ಟಿಗೆ ಯಾಕೆ? ಪ್ಯಾರಿಸ್ ಎಲ್ಲ ಕಲ್ಲಲ್ವಾ?

ಇಟ್ಟಿಗೆಗೂಡು
ಟುಲೂಸ್ ಸುತ್ತ ಕಲ್ಲುಗಣಿ ಇಲ್ಲ. ಗರೋನ್ ನದಿಯ ಬಯಲು, ಪೂರ್ತಿ ಜೇಡಿಮಣ್ಣು. ಕಲ್ಲು ಬೇಕಾದರೆ ಪಿರನೀಸ್ ಬೆಟ್ಟದಿಂದ ನದಿಯಲ್ಲಿ ತರಬೇಕು, ಖರ್ಚು ಜಾಸ್ತಿ. ಹಾಗಾಗಿ ರೋಮನ್ನರ ಕಾಲದಿಂದ ಚಪ್ಪಟೆ ಇಟ್ಟಿಗೆ. ಕಲ್ಲನ್ನು ಕಿಟಕಿ ಅಂಚು, ಕಂಬ, ಶಿಲ್ಪಕ್ಕೆ ಮಾತ್ರ ಇಟ್ಟುಕೊಂಡರು. ಗೋಡೆಯಲ್ಲಿ ಎಲ್ಲಿ ಕಲ್ಲು ಜಾಸ್ತಿ ಕಾಣುತ್ತೋ ಅಲ್ಲಿ ದುಡ್ಡು ಜಾಸ್ತಿ ಇತ್ತು ಅಂತ ಓದಿಕೊಳ್ಳಬಹುದು. ಸಂಜೆ ಬಿಸಿಲಿಗೆ ಊರೆಲ್ಲ ಗುಲಾಬಿ ಬಣ್ಣಕ್ಕೆ ತಿರುಗುತ್ತೆ.

ನೀಲಿ ಸೆರಗು
ದುಡ್ಡಿನ ಮಾತು ಬಂದಿದ್ದಕ್ಕೆ ನಾನೂ ಬಂದೆ. ಅಸೆಜಾ ಮಹಲು ತೋರಿಸದೆ ಅಮ್ಮನನ್ನು ವಾಪಸ್ ಕಳಿಸಬೇಡಿ. ಅದು ಚರ್ಚ್ ಅಲ್ಲ, 1550ರ ದಶಕದಲ್ಲಿ ಪಿಯರ್ ದಸೆಜಾ ಅನ್ನುವ ವ್ಯಾಪಾರಿ ಕಟ್ಟಿಸಲು ಶುರು ಮಾಡಿದ ಮನೆ. ಆತನ ವ್ಯಾಪಾರ ಪಾಸ್ಟೆಲ್. ಹಳದಿ ಹೂವಿನ ಒಂದು ಗಿಡದ ಎಲೆ ಅರೆದು, ಉಂಡೆ ಕಟ್ಟಿ ಒಣಗಿಸಿ, ಕೊಳೆಸಿ ನೀಲಿ ಬಣ್ಣ ತೆಗೆಯುತ್ತಿದ್ದರು. ಟುಲೂಸ್, ಆಲ್ಬಿ, ಕಾರ್ಕಸೋನ್ ನಡುವಿನ ಹೊಲಗಳಲ್ಲಿ ಬೆಳೆದದ್ದು ಯುರೋಪಿಗೆಲ್ಲ ಹೋಗುತ್ತಿತ್ತು. ಊರಿನ ದೊಡ್ಡ ದೊಡ್ಡ ಮನೆಗಳೆಲ್ಲ ಆ ದುಡ್ಡಿನವು.

ಆಮೇಲೆ ಕುಸಿಯಿತು. 1562ರಿಂದ ಕ್ಯಾಥೊಲಿಕ್, ಪ್ರಾಟೆಸ್ಟೆಂಟ್ ನಡುವೆ ನಡೆದ ಧರ್ಮದ ಯುದ್ಧ ಒಂದು ಕಾರಣ. ಇನ್ನೊಂದು ಕಾರಣ ನಮ್ಮ ಇಂಡಿಯಾದ ನೀಲಿ! ಪೋರ್ಚುಗೀಸರ ಹಡಗಿನಲ್ಲಿ ಹೋದ ನೀಲಿ ಕಡಿಮೆ ಪ್ರಮಾಣದಲ್ಲೇ ಗಾಢ ಬಣ್ಣ ಕೊಡುತ್ತಿತ್ತು. ದೊರೆ ನಾಲ್ಕನೇ ಹೆನ್ರಿ ನಿಷೇಧ ಹಾಕಿದರೂ ತಡೆಯಲು ಆಗಲಿಲ್ಲ. ನಮ್ಮ ಕಡೆ ಇತಿಹಾಸ ಪಾಠದಲ್ಲಿ ನೀಲಿ ಅಂದರೆ ಚಂಪಾರಣ್ಯ, ರೈತರ ಕಷ್ಟ. ಅದಕ್ಕಿಂತ ಮುಂಚೆಯೇ ಅದೇ ನೀಲಿ ಇಲ್ಲಿಯ ರೈತರ ಹೊಟ್ಟೆ ಮೇಲೆ ಹೊಡೆದಿತ್ತು. ಟೀಚರಮ್ಮನಿಗೆ ಆ ಅಂಗಳದಲ್ಲಿ ನಿಂತು ಇದನ್ನು ಹೇಳಿ. ಒಳಗೆ ಈಗ ಬೆಂಬರ್ಗ್ ಚಿತ್ರಸಂಗ್ರಹ ಇದೆ, ಫ್ರೆಂಚ್ ಚಿತ್ರಕಾರ ಬೊನಾರ್ ಚಿತ್ರಗಳು ಬಹಳ.

ಹಾಸನದ ಹೈದ
ಇದು ಗೊತ್ತೇ ಇರಲಿಲ್ಲ. ಒಳ್ಳೇ ವಿಷಯ.

ಪ್ಯಾರಿಸ್ ಪ್ರಿಯ
ನೀಲಿ ಕಥೆ ಚೆನ್ನಾಗಿದೆ, ಒಪ್ಪಿದೆ. ಸರಿ, ಊಟದ ಕಥೆ ಏನು? ಇಲ್ಲಿಯ ಹೆಸರಾದ ಊಟ ಕಸೂಲೆ. ಅದರಲ್ಲಿ ಬಿಳಿ ಬೀನ್ಸ್ ಕಾಳಿನ ಜೊತೆ ಬಾತುಕೋಳಿ, ಸಾಸೇಜ್. ಅಮ್ಮ ಸಸ್ಯಾಹಾರಿಯಾದರೆ ಟುಲೂಸ್ ಹೆಸರಿನ ಸಲಾಡ್ ಕೂಡ ಕೇಳಿ ತಗೊಳ್ಳಿ, ಅದರಲ್ಲೂ ಬಾತುಕೋಳಿ ಹಾಕಿರುತ್ತಾರೆ.

ಮಲ್ಲಿಗೆಹೂ
ಅಮ್ಮ ಮೊಟ್ಟೆಯೂ ತಿನ್ನಲ್ಲ.

ನೀಲಿ ಸೆರಗು
ಹಾಗಿದ್ದರೆ ಚಿತ್ರಾನ್ನ, ಚಪಾತಿ ಡಬ್ಬಿಗೆ ಹಾಕಿಕೊಂಡು ಹೋಗಿ. ವಿಕ್ಟರ್ ಹ್ಯೂಗೋ ಮಾರ್ಕೆಟ್‌ನಲ್ಲಿ ಹಣ್ಣು, ಬ್ರೆಡ್ ಚೆನ್ನಾಗಿ ಸಿಗುತ್ತೆ. ಸೋಮವಾರ ಅದು ರಜಾ. ನೇರಳೆ ಹೂವಿಗೆ ಸಕ್ಕರೆ ಲೇಪಿಸಿದ ಮಿಠಾಯಿ ಇಲ್ಲಿಯ ವಿಶೇಷ, ಆದರೆ ಅದಕ್ಕೆ ಮೊಟ್ಟೆಯ ಬಿಳಿ ಹಚ್ಚಿರಬಹುದು, ಕೇಳಿ ತಗೊಳ್ಳಿ.

ಕಾಫಿಪುಡಿ
ಫಿಲ್ಟರ್ ಕಾಫಿ ಪುಡಿ ಅಮ್ಮನ ಕೈಲಿ ತರಿಸಿಕೊಳ್ಳಿ. ಇದು ಎಲ್ಲಕ್ಕಿಂತ ಮುಖ್ಯ.

ಗರೋನ್ ದಂಡೆ
ಮಂಡಿನೋವಿಗೆ ಒಂದು ಮಾತು. ಮೊದಲ ದಿನ ಕಾಪಿತೋಲ್, ತೋರ್, ಸೇಂಟ್ ಸೆರ್ನಾಂ ಮಾತ್ರ. ಇನ್ನೊಂದು ದಿನ ಜಾಕೊಬಾಂ, ದೋರಾದ್, ಅಸೆಜಾ, ಅಲ್ಲಿಂದ ಪಾಂಟ್ ನಫ್ ಸೇತುವೆ. ಎಲ್ಲ ಹತ್ತಿರ ಹತ್ತಿರ. ಎತಿಯೆನ್‌ಗೆ ಬೇರೆ ದಿನ ಇಟ್ಟುಕೊಳ್ಳಿ, ಮೆಟ್ರೋ ಬಿ ಲೈನಿನಲ್ಲಿ ಫ್ರಾಂಸ್ವಾ ವೆರ್ದಿಯೆ ನಿಲ್ದಾಣ. ಮೆಟ್ರೋದಲ್ಲಿ ಲಿಫ್ಟ್ ಇದೆ. ನಿಲ್ದಾಣದ ಹೆಸರನ್ನು ಫ್ರೆಂಚ್ ಜೊತೆಗೆ ಇಲ್ಲಿಯ ಹಳೇ ಭಾಷೆ ಆಕ್ಸಿಟನ್‌ನಲ್ಲೂ ಕೂಗುತ್ತಾರೆ, ಅಮ್ಮನಿಗೆ ಕೇಳಿಸಿ.

ಪಾಂಟ್ ನಫ್ ಬಗ್ಗೆ: 1544ರಲ್ಲಿ ಶುರು, 1632ಕ್ಕೆ ಮುಗಿಯಿತು. ಕಮಾನುಗಳ ನಡುವಿನ ಕಂಬಗಳಲ್ಲಿ ದೊಡ್ಡ ಕಿಂಡಿ ಇವೆ, ಪ್ರವಾಹ ಬಂದಾಗ ನೀರು ಹಾದುಹೋಗಲಿ ಅಂತ. 1875ರ ಮಹಾಪ್ರವಾಹದಲ್ಲಿ ಎದುರು ದಂಡೆಯ ಸೇಂಟ್ ಸಿಪ್ರಿಯನ್ ಬಡಾವಣೆ ಹಾಳಾಯಿತು, ಇನ್ನೂರಕ್ಕೂ ಹೆಚ್ಚು ಜನ ಸತ್ತರು, ಬೇರೆ ಸೇತುವೆಗಳು ಕೊಚ್ಚಿಹೋದವು. ಇದು ನಿಂತಿತು.

ಕಪ್ಪುಮಣ್ಣು
ಕಾಪಿತೋಲ್ ಒಳಗೆ ಹೋಗಬಹುದಾ? ನಾನು ಹೋದಾಗ ಬಾಗಿಲು ಹಾಕಿತ್ತು.

ಗರೋನ್ ದಂಡೆ
ಹೋಗಬಹುದು, ಪುಕ್ಕಟೆ. ಸಮಾರಂಭ ಇದ್ದರೆ ಮುಚ್ಚುತ್ತಾರೆ. ಶನಿವಾರ ಮದುವೆ ಜಾಸ್ತಿ, ಆ ದಿನ ಬಿಡಿ. ಮೇಲೆ ಆನ್ರಿ ಮಾರ್ತಾಂ ಬರೆದ ದೊಡ್ಡ ಚಿತ್ರಗಳಿವೆ. ಗರೋನ್ ದಂಡೆಯಲ್ಲಿ ಜನ ನಡೆದುಹೋಗುವ ಚಿತ್ರದಲ್ಲಿ ಜಾನ್ ಜೋರೆ ಇದ್ದಾರೆ, ಫ್ರಾನ್ಸಿನ ದೊಡ್ಡ ಸಮಾಜವಾದಿ ನಾಯಕ. ದೊರೆ ನಾಲ್ಕನೇ ಹೆನ್ರಿ ಹೆಸರಿನ ಅಂಗಳದ ನೆಲದಲ್ಲಿ ಒಂದು ಫಲಕ ಇದೆ, 1632ರಲ್ಲಿ ದೊರೆಯ ವಿರುದ್ಧ ದಂಗೆ ಎದ್ದ ಮೊಂಮೊರಾನ್ಸಿ ಡ್ಯೂಕ್‌ನ ತಲೆ ಕಡಿದ ಜಾಗ. ಕಾಲಡಿಯಲ್ಲೇ ಇರುತ್ತೆ, ಗಮನಿಸದೆ ದಾಟಿಬಿಡುತ್ತಾರೆ.

ಕಪ್ಪುಮಣ್ಣು
ಮಹಡಿಗೆ ಲಿಫ್ಟ್ ಇದೆಯಾ ಅಂತ ಬಾಗಿಲಲ್ಲೇ ಕೇಳಿ ಮೇಡಂ. ಅಲ್ಲಿಯ ಮೆಟ್ಟಿಲು ಅಗಲ, ಆದರೆ ಉದ್ದ ಇದೆ.